ಮನೆಯಲ್ಲಿ ಕಟ್ಟಿದ ಕಥೆಯಾಟವೂ ನಮ್ಮ ಹೆಣ್ಣುಮಕ್ಕಳೂ

ಸ್ಮರಣ ಸಂಚಿಕೆಯೆಂದ ಮೇಲೆ ಅದರಲ್ಲಿ ಪರೀಕ್ಷೆಯ ಫಲಿತಾಂಶಗಳು, ಪಾರಿತೋಷಕಗಳು, ನಮಗೆ ವಿದ್ಯೆ ಕಲಿಸಿದ ಉಪಾಧ್ಯಾಯಿನಿಯರ ನೆನಪುಗಳು, ಇವೇ ಮೊದಲಾದ ವಿಷಯಗಳಿರುವುದು ವಾಡಿಕೆ. ಅದು ಯುಕ್ತವೂ ಹೌದು. ಅಂಥ ಘನವಾದ ವಿಷಯಗಳ ನಡುವೆ ಆಟವೊಂದನ್ನು ಕುರಿತು ಬರೆಯಹೊರಟದ್ದನ್ನು ಕಂಡು ಕೆಲವರು ನಗಬಹುದು. ಆದಾಗ್ಯೂ ನಮ್ಮ ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೂ, ಈಗ ಓದುತ್ತಿರುವ ಬಾಲಿಕೆಯರ ತಾಯ್ತಂದೆಗಳೂ ಸ್ವಲ್ಪ ತಾಳ್ಮೆಯಿಂದ ಈ ನಾಲ್ಕು ಮಾತುಗಳನ್ನು ಓದಬೇಕೆಂದು ಬೇಡಿಕೊಳ್ಳುತ್ತೇನೆ. ಮಕ್ಕಳು ಏನನ್ನು ಓದುತ್ತಾರೆಂದು ನಾವು ದಿನವೂ ವಿಚಾರಿಸುತ್ತೇವೆ. ಏನನ್ನು ಆಡುತ್ತಾರೆಂದು ವಿಚಾರಿಸುವುದು ಬಹು ಕಡಮೆ. ಆದರೆ ಹುಡುಗಿಯೊಬ್ಬಳು ಮುಂದೆ ಹತ್ತು ಜನರ ನಡುವೆ ಬಾಯಿ ತೆರೆದು ತನ್ನ ಅಭಿಪ್ರಾಯವನ್ನು ಹೇಳಬಲ್ಲಳೋ ಇಲ್ಲವೋ, ಒಂದು ಕಟ್ಟಳೆಯನ್ನು ಕಂಡಾಗ ಅದು ನ್ಯಾಯವಾದುದೋ ಅಲ್ಲವೋ ಎಂದು ಆಲೋಚಿಸಬಲ್ಲಳೋ ಇಲ್ಲವೋ ಎಂಬುದು ಪಾಠದಿಂದ ಎಷ್ಟೋ, ಆಟದಿಂದಲೂ ಅಷ್ಟೇ ನಿರ್ಣಯವಾಗುವುದೆಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ಹೇಳಹೊರಟಿರುವ ಆಟಕ್ಕೆ ಇಂಗ್ಲಿಷಿನಲ್ಲಿ ರೋಲ್ ಪ್ಲೇಯಿಂಗ್ ಗೇಮ್ ಎಂದು ಹೆಸರು. ನಾವು ಅದನ್ನು ಕಥೆಯಾಟವೆಂದು ಕರೆಯೋಣ. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ, ಇಲ್ಲವೆ ಚಾಪೆಯ ಮೇಲೆ ಕುಳಿತುಕೊಳ್ಳುತ್ತಾರೆ. ಅವರಲ್ಲಿ ಒಬ್ಬಳು ಸೂತ್ರಧಾರಿಣಿ. ಉಳಿದವರು ಒಬ್ಬೊಬ್ಬರೂ ಕಥೆಯೊಳಗಿನ ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ಸೂತ್ರಧಾರಿಣಿಯು ಸನ್ನಿವೇಶವನ್ನು ವರ್ಣಿಸಿ, “ಈಗ ನೀನು ಏನು ಮಾಡುತ್ತೀಯೆ?” ಎಂದು ಕೇಳುತ್ತಾಳೆ. ಪಾತ್ರಧಾರಿಣಿಯು ತನ್ನ ಮನಸ್ಸಿಗೆ ತೋರಿದಂತೆ ಉತ್ತರ ಹೇಳುತ್ತಾಳೆ. ಆ ಕಾರ್ಯವು ಕೈಗೂಡುವುದೋ ಇಲ್ಲವೋ ಎಂಬ ಸಂದೇಹವುಂಟಾದಾಗ ದಾಳವನ್ನು ಹಾಕಿ ತಿಳಿದುಕೊಳ್ಳುತ್ತಾರೆ. ಇದರಲ್ಲಿ ಗೆದ್ದವರು ಸೋತವರು ಎಂಬುದಿಲ್ಲ. ಎಲ್ಲರೂ ಕೂಡಿ ಒಂದು ಕಥೆಯನ್ನು ನಡಸಿಕೊಂಡು ಹೋಗುತ್ತಾರೆ. ಅದರ ಕೊನೆ ಏನೆಂಬುದು ಸೂತ್ರಧಾರಿಣಿಗೂ ಗೊತ್ತಿರುವುದಿಲ್ಲ.

ಕರಾವಳಿಯವರಿಗೆ ಇದನ್ನು ಬಹಳ ವಿವರಿಸಬೇಕಾದುದಿಲ್ಲ. ನಮ್ಮ ತಾಳಮದ್ದಳೆಯನ್ನು ಕೇಳಿದವರೆಲ್ಲರಿಗೂ ಇದರ ಮರ್ಮ ತಿಳಿದೇ ಇದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳು ಕುಳಿತಲ್ಲಿಯೇ ಕುಳಿತು ಒಬ್ಬರು ಕೃಷ್ಣನಾಗಿ, ಇನ್ನೊಬ್ಬರು ಭೀಷ್ಮರಾಗಿ, ಬರೆದಿಟ್ಟುಕೊಳ್ಳದ ಮಾತುಗಳಿಂದ ವಾದಿಸುತ್ತಾರೆ. ಎದುರಿನವರು ಏನು ಹೇಳುವರೆಂಬುದು ಮೊದಲೇ ತಿಳಿಯದಿರುವುದರಿಂದ ಅವರಿಗೆ ಒಳ್ಳೆಯ ಕಿವಿಯೂ ಬೇಕು, ಒಳ್ಳೆಯ ನಾಲಗೆಯೂ ಬೇಕು. ಬಹುಕಾಲ ಇದು ಗಂಡಸರದೇ ಕಲೆಯಾಗಿದ್ದಿತು. ಈಗ ಮಹಿಳೆಯರ ತಂಡಗಳೂ ಅರ್ಥ ಹೇಳುತ್ತಿರುವುದು ಸಂತೋಷದ ಸಂಗತಿ. ಕಥೆಯಾಟವು ಇದರ ದೂರದ ತಂಗಿಯೆಂದರೆ ಸಲ್ಲುತ್ತದೆ. ಭೇದವಿಷ್ಟೇ: ತಾಳಮದ್ದಳೆಯಲ್ಲಿ ಪ್ರಸಂಗದ ಅಂತ್ಯ ಎಲ್ಲರಿಗೂ ತಿಳಿದದ್ದು, ಇಲ್ಲಿ ಅಂತ್ಯವನ್ನು ಆಡುವವರೇ ಉಂಟುಮಾಡಬೇಕು.

ಈ ಆಟದ ಪೂರ್ವಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅದು ಅಂಗಡಿಯಲ್ಲಿ ಹುಟ್ಟಿದ ಆಟವಲ್ಲ, ಮನೆಯಲ್ಲಿ ಕಟ್ಟಿದ ಆಟ. 1824ರಲ್ಲಿ ಪ್ರಷ್ಯಾ ದೇಶದ ರೈಸ್‌ವಿಟ್ಸ್ ಎಂಬ ಸೈನ್ಯಾಧಿಕಾರಿಯು ತನ್ನ ತಂದೆಯು ಆರಂಭಿಸಿದ್ದ ಯುದ್ಧದ ಆಟವೊಂದನ್ನು ತಿದ್ದಿ ಸೇನಾಪತಿಗಳಿಗೆ ತೋರಿಸಿದನು. ಅದರಲ್ಲಿ ಎರಡು ಪಕ್ಷಗಳ ನಡುವೆ ತೀರ್ಪು ಹೇಳುವ ಮಧ್ಯಸ್ಥನೊಬ್ಬನಿದ್ದನು. ಇಂದಿನ ಸೂತ್ರಧಾರಿಣಿಯ ಪೂರ್ವಿಕನು ಅವನೇ. ಕಾಲಾಂತರದಲ್ಲಿ, 1960ರ ದಶಕದ ಕೊನೆಗೆ, ಅಮೆರಿಕದ ಮಿನೆಸೋಟ ಪ್ರಾಂತದಲ್ಲಿ ಡೇವಿಡ್ ವೆಸ್ಲಿ ಎಂಬವರು ಇಂಥ ಯುದ್ಧದಾಟದಲ್ಲಿ ಒಬ್ಬೊಬ್ಬ ಆಟಗಾರನಿಗೂ ಸೈನ್ಯವನ್ನು ಕೊಡುವ ಬದಲು ಒಂದು ಊರಿನ ಒಬ್ಬೊಬ್ಬ ವ್ಯಕ್ತಿಯ ಪಾತ್ರವನ್ನು ಕೊಟ್ಟು ನೋಡಿದರು. ಅವರ ಗೆಳೆಯರಾದ ಡೇವ್ ಆರ್ನೆಸನ್ನರು ಅದನ್ನು ಮಾಯಾಲೋಕದ ಕಥೆಗಳಿಗೆ ಹೊಂದಿಸಿಕೊಂಡರು. 1972ರಲ್ಲಿ ಅವರು ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವ ಎಂಬ ಸಣ್ಣ ಊರಿಗೆ ಹೋಗಿ ಗ್ಯಾರಿ ಗೈಗ್ಯಾಕ್ಸ್ ಎಂಬವರಿಗೆ ಅದನ್ನು ತೋರಿಸಿದರು. ಗೈಗ್ಯಾಕ್ಸರು ವಿಮಾ ಸಂಸ್ಥೆಯ ಕೆಲಸವನ್ನು ಕಳೆದುಕೊಂಡು, ಬೂಟುಗಳನ್ನು ರಿಪೇರಿ ಮಾಡಿ ಸಂಸಾರ ಸಾಗಿಸುತ್ತಿದ್ದವರು. ಇವರಿಬ್ಬರೂ ಕೂಡಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಹೆಸರಿನಿಂದ ಮೂರು ಚಿಕ್ಕ ಪುಸ್ತಕಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಹೊರತಂದರು. ಮೊದಲು ಅಚ್ಚಾದದ್ದು 1,000 ಪ್ರತಿಗಳು ಮಾತ್ರ. ಪೆಟ್ಟಿಗೆಗಳನ್ನು ಕೈಯಿಂದಲೇ ಜೋಡಿಸಿದ್ದು. ಇಂದು ಲೋಕವೆಲ್ಲ ಬಲ್ಲ ಆಟದ ಆರಂಭವು ಇಷ್ಟು ಬಡತನದ್ದು.

ಈ ಚರಿತ್ರೆಯಲ್ಲಿ ಹೆಣ್ಣುಮಕ್ಕಳ ಸ್ಥಾನವೆಲ್ಲಿ ಎಂದು ನಮ್ಮ ಓದುಗರು ಕೇಳುವುದು ಸಹಜ. ಪ್ರಸಿದ್ಧ ಲೇಖಕರಾದ ಎಚ್. ಜಿ. ವೆಲ್ಸ್‌ರವರು 1913ರಲ್ಲಿ ಆಟದ ಸಿಪಾಯಿಗಳಿಂದ ಯುದ್ಧವಾಡುವ ಬಗೆಯನ್ನು ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಬರೆದರು. ಅದರ ಮೊದಲ ಪುಟದಲ್ಲಿಯೇ ಈ ಆಟವು ಎಲ್ಲಾ ವಯಸ್ಸಿನ ಗಂಡುಹುಡುಗರದೆಂದು ಸಾರಿ, ಹುಡುಗಿಯರಲ್ಲಿ ಗಂಡುಹುಡುಗರ ಆಟಗಳನ್ನೂ ಪುಸ್ತಕಗಳನ್ನೂ ಮೆಚ್ಚುವಷ್ಟು ಬುದ್ಧಿಯುಳ್ಳವರಿಗೆ ಮಾತ್ರ ವಾಕ್ಯದ ಬಾಲದಲ್ಲಿ ಜಾಗ ಕೊಟ್ಟರು. ಆದರೆ ಗೈಗ್ಯಾಕ್ಸರು ತಮ್ಮ ಹೊಸ ಆಟವನ್ನು ಮೊಟ್ಟಮೊದಲು ಪರೀಕ್ಷಿಸಿ ನೋಡಿದ್ದು ತಮ್ಮ ಮಗನೊಡನೆ ಮಾತ್ರವಲ್ಲ, ಮಗಳೊಡನೆಯೂ. ಮೊದಲ ಮೇಜಿನ ಬಳಿಯಲ್ಲಿ ಒಬ್ಬ ಹುಡುಗಿಯೂ ಕುಳಿತಿದ್ದಳೆಂಬುದನ್ನು ನಾವು ಮರೆಯಬಾರದು.

ಇದಕ್ಕಿಂತಲೂ ಹಿಂದಿನದಾದ, ನಮಗೆ ಇನ್ನೂ ಹತ್ತಿರವಾದ ಉದಾಹರಣೆಯೊಂದುಂಟು. ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಹಾವರ್ತ್ ಎಂಬ ಊರಿನ ಬೋಧಕರಾಗಿದ್ದ ಪ್ಯಾಟ್ರಿಕ್ ಬ್ರಾಂಟೆಯವರ ಪತ್ನಿಯು 1821ರಲ್ಲಿಯೂ, ಇಬ್ಬರು ದೊಡ್ಡ ಹೆಣ್ಣುಮಕ್ಕಳು 1825ರಲ್ಲಿಯೂ ತೀರಿಕೊಂಡಿದ್ದರು. ಉಳಿದ ನಾಲ್ವರು ಮಕ್ಕಳು ಆ ಮೌನವಾದ ಮನೆಯಲ್ಲಿ ಬೆಳೆಯುತ್ತಿದ್ದರು. 1826ರ ಜೂನ್ ತಿಂಗಳಲ್ಲಿ ತಂದೆಯು ಲೀಡ್ಸ್ ಪಟ್ಟಣದಿಂದ ಮಗ ಬ್ರಾನ್‌ವೆಲ್ಲನಿಗೆಂದು 12 ಮರದ ಸಿಪಾಯಿಗಳ ಪೆಟ್ಟಿಗೆಯೊಂದನ್ನು ತಂದರು. ಹತ್ತು ವರ್ಷದ ಶಾರ್ಲೆಟ್ ಒಂದನ್ನು ಎತ್ತಿಕೊಂಡು ಅದಕ್ಕೆ ವೆಲಿಂಗ್ಟನ್ ಪ್ರಭುವೆಂದು ಹೆಸರಿಟ್ಟಳು. ಎಮಿಲಿ ಮತ್ತು ಆನ್ ಎಂಬ ತಂಗಿಯರೂ ತಮ್ಮ ತಮ್ಮ ಸಿಪಾಯಿಗಳನ್ನು ಆರಿಸಿಕೊಂಡರು. ಆ ಸಿಪಾಯಿಗಳಿಗಾಗಿ ಅವರು ಗ್ಲಾಸ್ ಟೌನ್ ಎಂಬ ಪಟ್ಟಣವನ್ನು ಕಟ್ಟಿದರು. ಅದಕ್ಕೆ ನಕ್ಷೆ, ರಾಜಕೀಯ, ಮಾಸಪತ್ರಿಕೆ ಎಲ್ಲವನ್ನೂ ಕಲ್ಪಿಸಿದರು. ಸಿಪಾಯಿಗಳ ಕೈಗೆ ತಕ್ಕಂತೆ ಬೆಂಕಿಪೆಟ್ಟಿಗೆಗಿಂತಲೂ ದೊಡ್ಡದಲ್ಲದ ಪುಸ್ತಕಗಳನ್ನು ತಾವೇ ಬರೆದು ಹೊಲಿದರು. ಮುಂದೆ ಎಮಿಲಿಯೂ ಆನ್‌ಳೂ ಬೇರೆಯಾಗಿ ಗೊಂಡಾಲ್ ಎಂಬ ದ್ವೀಪರಾಜ್ಯವನ್ನು ಕಟ್ಟಿಕೊಂಡರು. ಈ ಮೂವರು ಸಹೋದರಿಯರ ಕಾದಂಬರಿಗಳು 1847ರಲ್ಲಿ ಹೊರಬಂದು ಇಂಗ್ಲಿಷ್ ಸಾಹಿತ್ಯದಲ್ಲಿ ಸ್ಥಿರವಾಗಿ ನಿಂತವು. ಆಟವಾಡಿದವರೆಲ್ಲರೂ ಕಾದಂಬರಿಕಾರ್ತಿಯರಾಗುವರೆಂದು ನಾನು ಹೇಳುವುದಿಲ್ಲ. ಆದರೆ ಮಗನಿಗೆಂದು ತಂದ ಆಟಿಕೆಯನ್ನು ಹೆಣ್ಣುಮಕ್ಕಳೂ ಕೈಗೆತ್ತಿಕೊಂಡು ಒಂದು ಲೋಕವನ್ನೇ ಆಳಿದರು. ತಂದೆಯು ಅದನ್ನು ತಡೆಯಲಿಲ್ಲ. ಎಲ್ಲಾ ತಂದೆಯರೂ ಇದನ್ನು ಗಮನಿಸಬೇಕು.

ಹೊಸ ಆಟಗಳನ್ನು ಕಟ್ಟುವುದು ನಮ್ಮ ನಾಡಿಗೂ ಅಪರಿಚಿತವಾದುದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಾಸಿನ ಆಟಗಳಲ್ಲಿ ಅಪಾರವಾದ ಆಸಕ್ತಿಯುಳ್ಳವರಾಗಿದ್ದು ಹೊಸ ಹೊಸ ಆಟಗಳನ್ನು ರಚಿಸಿದರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವುಗಳ ಚಿತ್ರಗಳುಂಟು. ನಮ್ಮ ಮನೆಗಳಲ್ಲಿ ಅಜ್ಜಿಯರು ಚೌಕಾಬಾರಕ್ಕಾಗಿ ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು, ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಉಪಯೋಗಿಸುತ್ತಿದ್ದರು. ಹಾವು ಏಣಿಯ ಆಟವೂ ಹಿಂದೂ ದೇಶದಿಂದಲೇ 19ನೆಯ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಹೋದದ್ದು. ಅದರಲ್ಲಿ ಸದ್ಗುಣವು ಏಣಿಯಾಗಿಯೂ ದುರ್ಗುಣವು ಹಾವಾಗಿಯೂ ಇದ್ದಿತು. ನೀತಿಯ ಉದ್ದೇಶವು ಒಳ್ಳೆಯದೇ ಸರಿ. ಆದರೆ ಆ ಆಟದಲ್ಲಿ ಮಗುವು ನಿರ್ಣಯಿಸಬೇಕಾದುದು ಏನಾದರೂ ಇದೆಯೇ? ದಾಳವು ಹೇಳಿದಷ್ಟು ಮನೆ ನಡೆಯಬೇಕು. ಏಣಿ ಬಂದರೆ ಏರಬೇಕು, ಹಾವು ಬಂದರೆ ಇಳಿಯಬೇಕು. ನಮ್ಮ ಹೆಣ್ಣುಮಕ್ಕಳ ಬಾಳನ್ನೂ ನಾವು ಎಷ್ಟೋ ವೇಳೆ ಹೀಗೆಯೇ ನಡಸುತ್ತೇವೆ. ಯಾವ ಕಾಲೇಜು, ಯಾವ ಉದ್ಯೋಗ, ಯಾವ ಮನೆ ಎಂಬುದನ್ನು ಇತರರು ನಿಶ್ಚಯಿಸಿ ಅವಳ ಕೈಯಲ್ಲಿ ದಾಳವನ್ನು ಮಾತ್ರ ಕೊಡುತ್ತೇವೆ. ಕಥೆಯಾಟದಲ್ಲಿ ಅವಳಿಗೆ ಹಾಕುವ ಪ್ರಶ್ನೆ ಬೇರೆ. “ನೀನು ಏನು ಮಾಡುತ್ತೀಯೆ?” ಎಂಬ ಈ ಪ್ರಶ್ನೆಗೆ ಅವಳಿಗಾಗಿ ಬೇರೆ ಯಾರೂ ಉತ್ತರ ಕೊಡುವಂತಿಲ್ಲ.

ಆದುದರಿಂದ ನನ್ನ ಮುಖ್ಯವಾದ ಅಭಿಪ್ರಾಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಮ್ಮ ಬಾಲಿಕೆಯರು ಇಂಥ ಆಟಗಳನ್ನು ಆಡಬೇಕು. ಅಷ್ಟೇ ಅಲ್ಲ, ಅವುಗಳನ್ನು ತಾವೇ ಕಟ್ಟಬೇಕು. ಕೊಂಡು ತಂದ ಆಟದ ಕಟ್ಟಳೆಯು ಎಲ್ಲಿಂದಲೋ ಬಂದದ್ದು. ಅದನ್ನು ಪಾಲಿಸುವುದೊಂದೇ ಕೆಲಸ. ತಾನೇ ಕಟ್ಟಿದ ಆಟದಲ್ಲಿ ಕಟ್ಟಳೆಯು ಯಾಕೆ ಬೇಕು, ಯಾರಿಗೆ ಅದರಿಂದ ಅನುಕೂಲ, ಯಾರಿಗೆ ಅನ್ಯಾಯ, ಅದನ್ನು ತಿದ್ದುವ ಬಗೆ ಹೇಗೆ ಎಂಬಿವನ್ನೆಲ್ಲಾ ಅವಳೇ ಆಲೋಚಿಸಬೇಕಾಗುತ್ತದೆ. ಕಟ್ಟಳೆಯನ್ನು ಮಾಡಿ ನೋಡಿದವಳಿಗೆ ಎರಡು ಗುಣಗಳು ಒಟ್ಟಿಗೆ ಬರುತ್ತವೆ. ನ್ಯಾಯವಾದ ಕಟ್ಟಳೆಯನ್ನು ಅವಳು ಮನಃಪೂರ್ವಕವಾಗಿ ಪಾಲಿಸುವಳು. ಅನ್ಯಾಯವಾದುದನ್ನು ವಿನಯದಿಂದಲೂ ಧೈರ್ಯದಿಂದಲೂ ಪ್ರಶ್ನಿಸುವಳು. ಇವೆರಡರಲ್ಲಿ ಮೊದಲನೆಯದನ್ನು ನಮ್ಮ ಹೆಣ್ಣುಮಕ್ಕಳಿಗೆ ಬೇಕಾದಷ್ಟು ಕಲಿಸಿದ್ದೇವೆ. ಎರಡನೆಯದನ್ನು ಕಲಿಸಿದ್ದು ಕಡಮೆ.

ಕಟ್ಟುವುದು ಕಷ್ಟವೋ ಎಂದರೆ, ಅಡಿಗೆಯ ಮನೆಯಲ್ಲಿರುವ ಸಾಮಾನು ಸಾಕು. ನಾಲ್ಕು ಹುಣಸೆಬೀಜಗಳನ್ನು ತೆಗೆದುಕೊಂಡು ಒಂದೊಂದರ ಒಂದು ಮಗ್ಗುಲನ್ನು ಒರಟಾದ ಕಲ್ಲಿಗೆ ತಿಕ್ಕಿ ಬಿಳಿದು ಮಾಡಿಕೊಳ್ಳಿರಿ. ಪ್ರತಿಯೊಬ್ಬ ಪಾತ್ರಧಾರಿಣಿಗೂ ಒಂದು ಚೀಟಿಯನ್ನು ಕೊಡಿರಿ. ಅದರ ಮೇಲೆ ಪಾತ್ರದ ಹೆಸರು, ಕಸುಬು, ಪ್ರಿಯವಾದ ಒಂದು ವಸ್ತು, ಅಂಜಿಕೆಯನ್ನುಂಟುಮಾಡುವ ಒಂದು ವಸ್ತು, ಇವುಗಳನ್ನು ಬರೆಯಲಿ. ಕೆಳಗೆ ಬಲ, ಬುದ್ಧಿ, ಮಾತು ಎಂಬ ಮೂರು ಶಕ್ತಿಗಳನ್ನು ಬರೆದು ಅವುಗಳಿಗೆ ಒಟ್ಟು 6 ಅಂಕಗಳನ್ನು ಹಂಚಲಿ. ಯಾವುದಕ್ಕೂ 1ಕ್ಕಿಂತ ಕಡಮೆಯಾಗಲಿ 3ಕ್ಕಿಂತ ಹೆಚ್ಚಾಗಲಿ ಇರಕೂಡದು. ಕಾರ್ಯವು ಸುಲಭವಾದರೆ 3, ಸಾಧಾರಣವಾದರೆ 4, ಕಠಿಣವಾದರೆ 5 ಎಂದು ಸೂತ್ರಧಾರಿಣಿಯು ಮೊದಲೇ ಹೇಳಬೇಕು. ಬೀಜಗಳನ್ನು ಚೆಲ್ಲಿ, ಮೇಲೆ ಬಿದ್ದ ಬಿಳಿಯ ಮಗ್ಗುಲುಗಳನ್ನು ಎಣಿಸಿ, ಅದಕ್ಕೆ ತಕ್ಕ ಶಕ್ತಿಯ ಅಂಕವನ್ನು ಕೂಡಿಸಿದಾಗ ಆ ಸಂಖ್ಯೆಯನ್ನು ಮುಟ್ಟಿದರೆ ಕಾರ್ಯಸಿದ್ಧಿ. ಆಟಕ್ಕೆ ಬೇಕಾದ ಕಟ್ಟಳೆ ಇಷ್ಟೇ. ಒಂದು ಅಂಚೆಯ ಕಾರ್ಡಿನ ಮೇಲೆ ಬರೆಯಬಹುದು.

ಉದಾಹರಣೆಗೆ, ಮಳೆಗಾಲದ ಒಂದು ಸಂಜೆ. ನೇತ್ರಾವತಿ ತುಂಬಿ ಹರಿಯುತ್ತಿದೆ. ಆಚೆಯ ದಡದಲ್ಲಿ ಒಬ್ಬ ಮುದುಕಿಗೆ ಜ್ವರ. ಔಷಧವು ಈಚೆಯ ದಡದಲ್ಲಿದೆ. ಒಬ್ಬಳು ದಾದಿ, ಒಬ್ಬಳು ಅಂಚೆ ಹಂಚುವವಳು, ಇನ್ನೊಬ್ಬಳು ಉಪಾಧ್ಯಾಯಿನಿ. ದೋಣಿಯವನು ಕತ್ತಲಲ್ಲಿ ದೋಣಿ ಬಿಡಲಾರೆನೆನ್ನುತ್ತಾನೆ. “ನೀನು ಏನು ಮಾಡುತ್ತೀಯೆ?” ಉಪಾಧ್ಯಾಯಿನಿಯ ಪಾತ್ರದವಳು, “ಅವನ ಮಗನಿಗೆ ಅಕ್ಷರ ಕಲಿಸಿದವಳು ನಾನು, ಅದನ್ನು ನೆನಪು ಮಾಡಿ ಒಪ್ಪಿಸುತ್ತೇನೆ” ಎನ್ನುತ್ತಾಳೆ. ಅವಳ ಮಾತಿನ ಶಕ್ತಿ 3. ಕಾರ್ಯ ಕಠಿಣ, ಬೇಕಾದದ್ದು 5. ಬೀಜಗಳನ್ನು ಚೆಲ್ಲಿದರೆ ಬಿಳಿದು ಒಂದೇ ಬಿತ್ತು, ಕಾರ್ಯವು ಕೈಗೂಡಲಿಲ್ಲ. ಜಾಣೆಯಾದ ಸೂತ್ರಧಾರಿಣಿಯು ಇಲ್ಲಿಗೆ ಕಥೆ ಮುಗಿಯಿತೆನ್ನುವುದಿಲ್ಲ. “ದೋಣಿಯವನು ತಲೆ ಅಲ್ಲಾಡಿಸಿ ಒಳಗೆ ಹೋದನು, ಆದರೆ ನಿನ್ನ ಮಾತೆಲ್ಲವನ್ನೂ ಅವನ ಹೆಂಡತಿಯು ಜಗಲಿಯಿಂದ ಕೇಳಿಸಿಕೊಂಡಿದ್ದಾಳೆ” ಎನ್ನುತ್ತಾಳೆ. ಈಗ ಮೂವರೂ ಹೊಸದಾಗಿ ಆಲೋಚಿಸಬೇಕು. ಒಂದು ಸಲ ಸೋತರೆ ಎಲ್ಲವೂ ಮುಗಿಯಿತೆಂದು ಅಳುವ ಮಕ್ಕಳನ್ನು ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ. ಸೋಲಿನ ಮರುಕ್ಷಣದಲ್ಲಿ “ಇನ್ನೇನು ಮಾಡಬಹುದು?” ಎಂದು ಕೇಳಿಕೊಳ್ಳುವ ಅಭ್ಯಾಸವು ಅಂಥವರಿಗೆ ದೊಡ್ಡ ಆಧಾರವಾಗುವುದು.

ಇದರಲ್ಲಿ ಗಣಿತದ ಪಾಠವೂ ಅಡಗಿದೆ. ನಾಲ್ಕು ಬೀಜಗಳು ಬೀಳುವ ಬಗೆಗಳು ಒಟ್ಟು 16. ಅವುಗಳಲ್ಲಿ ಒಂದೂ ಬಿಳಿದಾಗದ ಬಗೆ 1, ಒಂದು ಬಿಳಿದಾಗುವ ಬಗೆಗಳು 4, ಎರಡು ಬಿಳಿದಾಗುವವು 6, ಮೂರು ಬಿಳಿದಾಗುವವು 4, ನಾಲ್ಕೂ ಬಿಳಿದಾಗುವುದು 1. ಹೀಗಿರಲು ಸಾಧಾರಣವಾದ ಕಾರ್ಯದಲ್ಲಿ ಶಕ್ತಿಯ ಅಂಕವು 2 ಇದ್ದವಳಿಗೆ 16ರಲ್ಲಿ 11 ಸಲ ಸಿದ್ಧಿ. 1 ಇದ್ದವಳಿಗೆ 5 ಸಲ ಮಾತ್ರ. 3 ಇದ್ದವಳಿಗೆ 15 ಸಲ. ಒಂದು ಅಂಕದ ಭೇದದಿಂದ ಎಷ್ಟು ಅಂತರ! ಆದರೆ ಈ ಲೆಕ್ಕವು ಬೀಜದ ಎರಡು ಮಗ್ಗುಲುಗಳೂ ಸಮವಾಗಿ ಬೀಳುವುದಾದರೆ ಮಾತ್ರ ನಿಜ. ಕೈಯಿಂದ ತಿಕ್ಕಿದ ಬೀಜವು ಹಾಗೆ ಬೀಳಲಾರದು. ಆಗ ನೂರು ಸಲ ಚೆಲ್ಲಿ ಬರೆದುಕೊಂಡು ನೋಡಬೇಕು. ಸಂಭವನೀಯತೆಯ ಪಾಠವನ್ನು ಬಾಯಿಪಾಠ ಮಾಡಲು ಬೇಸರಪಡುವ ಹುಡುಗಿಯೂ ತನ್ನ ಆಟವು ನ್ಯಾಯವಾಗಿದೆಯೇ ಎಂದು ತಿಳಿಯುವುದಕ್ಕಾಗಿ ನೂರು ಸಲ ಬೀಜ ಚೆಲ್ಲುವಳು.

ಆಡುತ್ತಾ ಆಡುತ್ತಾ ಕಟ್ಟಳೆಯ ಕೊರತೆಗಳು ತಾವಾಗಿಯೇ ಹೊರಬೀಳುತ್ತವೆ. ಜೋರಾಗಿ ಮಾತಾಡುವವಳೇ ಪ್ರತಿಸಲವೂ ಮೊದಲು ಉತ್ತರ ಕೊಟ್ಟುಬಿಡುತ್ತಾಳೆ. ಮೆತ್ತಗಿನ ಹುಡುಗಿಯ ಸರದಿ ಬರುವುದೇ ಇಲ್ಲ. ಇದಕ್ಕೇನು ಮಾಡಬೇಕು? ಸರದಿಯಂತೆ ಕೇಳಬೇಕೋ, ಒಮ್ಮೆ ಮಾತಾಡಿದವಳು ಉಳಿದವರು ಮುಗಿಸುವವರೆಗೆ ಕಾಯಬೇಕೋ? ಸೂತ್ರಧಾರಿಣಿಯು ತನ್ನ ಗೆಳತಿಗೆ ಪಕ್ಷಪಾತ ಮಾಡಿದರೆ ತಡೆಯುವುದು ಹೇಗೆ? ಹದಿಮೂರು ವರ್ಷದ ಹುಡುಗಿಯರು ಚಾಪೆಯ ಮೇಲೆ ಕುಳಿತು ಇಂಥ ಪ್ರಶ್ನೆಗಳನ್ನು ಚರ್ಚಿಸಿ ತೀರ್ಮಾನಿಸುವುದನ್ನು ಸಣ್ಣ ಕಾರ್ಯವೆಂದು ತಿಳಿಯಬೇಡಿರಿ. ಪಂಚಾಯತಿಯಲ್ಲಿಯೂ ಸಂಘದ ಸಭೆಯಲ್ಲಿಯೂ ಸಂಸಾರದಲ್ಲಿಯೂ ಮುಂದೆ ಅವರು ಕಾಣುವ ಪ್ರಶ್ನೆಗಳು ಇವೇ ಆಗಿರುತ್ತವೆ.

ಇನ್ನು ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು, ಓದಿಗೆ ಕುಂದುಂಟಾಗುವುದೆಂಬುದು. ಮೊಬೈಲಿನಲ್ಲಿ ಕಳೆದುಹೋಗುವ ಗಂಟೆಗಳನ್ನು ಲೆಕ್ಕ ಹಾಕಿದವರು ಈ ಆಕ್ಷೇಪಣೆಯನ್ನು ಬಹಳ ಒತ್ತಿ ಹೇಳಲಾರರು. ವಾರಕ್ಕೆ ಒಂದು ಶನಿವಾರದ ಮಧ್ಯಾಹ್ನ, ಎರಡು ಗಂಟೆಯ ಕಾಲ ಸಾಕು. ಇದು ಒಬ್ಬಳೇ ಮೂಲೆಯಲ್ಲಿ ಕುಳಿತು ಆಡುವ ಆಟವಲ್ಲ. ನಾಲ್ವರು ಮುಖಾಮುಖಿಯಾಗಿ ಕುಳಿತು, ಒಬ್ಬರ ಮಾತನ್ನೊಬ್ಬರು ಕೇಳಿ, ನಕ್ಕು, ವಾದಿಸಿ ಆಡತಕ್ಕದ್ದು.

ಎರಡನೆಯ ಆಕ್ಷೇಪಣೆಯು ದೈವಭಕ್ತರಾದ ತಾಯ್ತಂದೆಗಳದು. ಅದನ್ನು ಹಗುರವಾಗಿ ನೋಡಬಾರದು. ಅಮೆರಿಕದಲ್ಲಿ 1980ರ ದಶಕದಲ್ಲಿ ಈ ಆಟವು ಮಕ್ಕಳನ್ನು ಮಾಟಮಂತ್ರಕ್ಕೂ ಆತ್ಮಹತ್ಯೆಗೂ ಒಯ್ಯುವುದೆಂಬ ಭೀತಿಯು ಹಬ್ಬಿತು. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು 1983ರಲ್ಲಿ ಇದರ ವಿರುದ್ಧ ಸಂಘವನ್ನೇ ಕಟ್ಟಿದಳು. ಅವಳ ದುಃಖವು ನಿಜವಾದುದು. ಆದರೆ ಅವಳು ಹೂಡಿದ ವ್ಯಾಜ್ಯವು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ, ಆಟವೇ ಮರಣಕ್ಕೆ ಕಾರಣವೆಂಬುದು ಸ್ಥಾಪಿತವಾಗಲೂ ಇಲ್ಲ. ಕಲ್ಪನೆಯ ಲೋಕವು ತಾನಾಗಿಯೇ ಭಕ್ತಿಗೆ ವಿರೋಧಿಯಲ್ಲವೆಂಬುದಕ್ಕೆ ಸಿ. ಎಸ್. ಲೂಯಿಸ್‌ರವರೇ ನಿದರ್ಶನ. ಕ್ರೈಸ್ತ ಧರ್ಮವನ್ನು ಕುರಿತು ಅಷ್ಟೊಂದು ಬರೆದ ಆ ವಿದ್ವಾಂಸರು ಬಾಲ್ಯದಲ್ಲಿ ಬೆಲ್‌ಫಾಸ್ಟ್ ನಗರದ ಮನೆಯಲ್ಲಿ ಮಾತನಾಡುವ ಪ್ರಾಣಿಗಳ ರಾಜ್ಯವೊಂದನ್ನು ಕಟ್ಟಿದ್ದರು. ಅವರ ಅಣ್ಣನು ಕಟ್ಟಿದ್ದ ಕಲ್ಪಿತ ರಾಜ್ಯದ ಹೆಸರು ‘ಇಂಡಿಯ’. ಎರಡನ್ನೂ ಕೂಡಿಸಿ ಅವರು ಬಾಕ್ಸೆನ್ ಎಂದು ಕರೆದರು. ಅದಿರಲಿ, ಪೇಟೆಯ ಆಟದ ಪುಸ್ತಕಗಳಲ್ಲಿ ಭೂತ ಪಿಶಾಚಿಗಳ ವರ್ಣನೆಯುಂಟೆಂಬುದು ಸತ್ಯವೇ. ಅದು ಬೇಡವೆಂದು ತೋರಿದ ಮನೆಯವರಿಗೆ ಮನೆಯಲ್ಲಿ ಕಟ್ಟಿದ ಆಟವೇ ಪರಿಹಾರ. ಅದರೊಳಗೆ ಏನಿರಬೇಕು, ಏನಿರಕೂಡದೆಂಬುದನ್ನು ತಾಯಿಮಕ್ಕಳು ಕೂಡಿ ನಿಶ್ಚಯಿಸಬಹುದು. ತುಂಬಿದ ಹೊಳೆಯನ್ನು ದಾಟಿ ಔಷಧ ಮುಟ್ಟಿಸುವ ಕಥೆಯಲ್ಲಿ ಪಿಶಾಚಿಗೆ ಏನು ಕೆಲಸ?

ಮೂರನೆಯ ಆಕ್ಷೇಪಣೆಯಲ್ಲಿ ಸತ್ಯಾಂಶವುಂಟು. ಕಲ್ಪನೆಯು ಮಿತಿಮೀರಿ ಹಿಡಿದುಕೊಳ್ಳುವುದುಂಟು. ಮೇಲೆ ಹೇಳಿದ ಶಾರ್ಲೆಟ್ ಬ್ರಾಂಟೆಯೇ 1835ರಿಂದ ರೋ ಹೆಡ್ ಎಂಬಲ್ಲಿ ಉಪಾಧ್ಯಾಯಿನಿಯಾಗಿದ್ದಾಗ, ತರಗತಿಯ ನಡುವೆಯೂ ತನ್ನ ಕಲ್ಪಿತ ರಾಜ್ಯವು ಮನಸ್ಸನ್ನು ಸೆಳೆಯುತ್ತಿದ್ದುದರಿಂದ ಬಹಳ ಸಂಕಟಪಟ್ಟಳು. ಕೆಲವು ವರ್ಷಗಳ ಮೇಲೆ ಆ ರಾಜ್ಯಕ್ಕೆ ವಿದಾಯ ಹೇಳಿ ಬರೆದಳು. ಆದುದರಿಂದ ಆಟಕ್ಕೆ ಆರಂಭದ ಗಂಟೆಯಿರುವಂತೆ ಮುಕ್ತಾಯದ ಗಂಟೆಯೂ ಇರಬೇಕು. ಬೀಜಗಳನ್ನು ಡಬ್ಬಿಯಲ್ಲಿಟ್ಟ ಮೇಲೆ ಚೀಟಿಯ ಮೇಲಿನ ಸಿಟ್ಟು ಸೆಡವುಗಳೂ ಡಬ್ಬಿಯೊಳಗೇ ಉಳಿಯಬೇಕು. ಈ ಶಿಸ್ತು ಇಲ್ಲದಿದ್ದರೆ ಯಾವ ವಿನೋದವೂ ವ್ಯಸನವಾಗುವುದು.

ನಾಲ್ಕನೆಯದು, ಇದು ಮಕ್ಕಳಿಗೆ ಸರಿ, ದೊಡ್ಡವರಿಗೆ ಯಾಕೆ ಎಂಬುದು. ಇಲ್ಲಿ ನಾನು ವಿಶೇಷವಾಗಿ ಹಳೆಯ ವಿದ್ಯಾರ್ಥಿನಿಯರನ್ನು ಕುರಿತು ಮಾತನಾಡುತ್ತೇನೆ. 1845ರ ಜೂನ್ ತಿಂಗಳ ಕೊನೆಯಲ್ಲಿ ಎಮಿಲಿ ಬ್ರಾಂಟೆಯೂ ಆನ್ ಬ್ರಾಂಟೆಯೂ ರೈಲಿನಲ್ಲಿ ಯಾರ್ಕ್ ಪಟ್ಟಣಕ್ಕೆ ಹೋದಾಗ ದಾರಿಯುದ್ದಕ್ಕೂ ಗೊಂಡಾಲಿನ ಪಾತ್ರಗಳಾಗಿ ಆಡಿಕೊಂಡರು. ಆಗ ಎಮಿಲಿಗೆ 26 ವರ್ಷ, ಆನ್‌ಳಿಗೆ 25. ನಮ್ಮಲ್ಲಿ ಗಂಡಸರು ಐವತ್ತು ವರ್ಷದಲ್ಲಿಯೂ ಇಸ್ಪೀಟು, ಕ್ರಿಕೆಟ್ಟುಗಳನ್ನು ಬಿಡುವುದಿಲ್ಲ. ಯಾರೂ ಅವರನ್ನು ಕೇಳುವುದಿಲ್ಲ. ಹೆಂಗಸು ಮಾತ್ರ ಹೈಸ್ಕೂಲನ್ನು ಬಿಡುವ ದಿನವೇ ತನ್ನ ಹವ್ಯಾಸವನ್ನೂ ಬಿಟ್ಟುಹೋಗಬೇಕೆಂಬುದು ಬರೆಯದಿರುವ ಕಟ್ಟಳೆಯಾಗಿದೆ. ಅಂಚೆಚೀಟಿ ಕೂಡಿಸುತ್ತಿದ್ದವಳ ಪುಸ್ತಕವೆಲ್ಲಿ? ನಕ್ಷತ್ರಗಳ ಹೆಸರು ಹೇಳುತ್ತಿದ್ದವಳು ಈಗ ರಾತ್ರಿ ಅಂಗಳಕ್ಕೆ ಬರುವಳೇ? ಒಂದು ವಿಷಯದಲ್ಲಿ ಹುಚ್ಚು ಹಿಡಿದವರನ್ನು ಇಂಗ್ಲಿಷಿನಲ್ಲಿ ಗೀಕ್ ಎನ್ನುತ್ತಾರೆ. ಮೊದಲು ಅದು ಅಮೆರಿಕದ ಜಾತ್ರೆಯ ಡೇರೆಗಳಲ್ಲಿ ವಿಕಾರವಾದ ಪ್ರದರ್ಶನಗಳನ್ನು ಮಾಡುವವನಿಗೆ ಹೇಳುತ್ತಿದ್ದ ಹೀನವಾದ ಮಾತು. ಈಗ ಆ ಹೆಸರನ್ನು ಅನೇಕರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಗಂಡುಮಕ್ಕಳಿಗೆ ಆ ಅಭಿಮಾನವು ಸಲ್ಲುವುದಾದರೆ ನಮ್ಮ ಹೆಣ್ಣುಮಕ್ಕಳಿಗೂ ಸಲ್ಲತಕ್ಕದ್ದೇ.

ಕಡೆಯದಾಗಿ ಹಣದ ವಿಷಯ. ಈಗ ಈ ಆಟದ ಪುಸ್ತಕಗಳೂ ಬಣ್ಣದ ದಾಳಗಳೂ ಬೊಂಬೆಗಳೂ ದೊಡ್ಡ ವ್ಯಾಪಾರವಾಗಿವೆ. ಅವು ಎಲ್ಲರ ಕೈಗೆಟುಕುವಂಥವಲ್ಲ. ಆದರೆ ಆಟದ ಜೀವವು ಅವುಗಳಲ್ಲಿಲ್ಲ. 2023ರಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದ ಒಡೆಯರಾದ ಕಂಪನಿಯವರು ಇತರರು ಅದರ ಕಟ್ಟಳೆಗಳನ್ನು ಉಪಯೋಗಿಸುವ ಷರತ್ತುಗಳನ್ನು ಬಿಗಿಮಾಡಹೊರಟಾಗ, ಆಡುವವರೆಲ್ಲರೂ ಪ್ರತಿಭಟಿಸಿದರು. ಆ ವರ್ಷದ ಜನವರಿ ತಿಂಗಳಲ್ಲಿಯೇ ಕಂಪನಿಯವರು ಮೂಲ ಕಟ್ಟಳೆಗಳ ಬಹುಭಾಗವನ್ನು ಯಾರು ಬೇಕಾದರೂ ಉಪಯೋಗಿಸಬಹುದೆಂದು ಬಿಟ್ಟುಕೊಡಬೇಕಾಯಿತು. ಆಟವು ಆಡುವವರದೆಂಬುದು ಇದರಿಂದ ಮತ್ತೊಮ್ಮೆ ತಿಳಿಯಿತು.

ಹೀಗಿರಲು ತಾಯ್ತಂದೆಗಳಲ್ಲಿ ನನ್ನ ಬಿನ್ನಹವಿದು: ಮುಂದಿನ ರಜೆಯಲ್ಲಿ ನಿಮ್ಮ ಮಗಳಿಗೂ ಅವಳ ಗೆಳತಿಯರಿಗೂ ಒಂದು ಚಾಪೆಯನ್ನೂ ನಾಲ್ಕು ಹುಣಸೆಬೀಜಗಳನ್ನೂ ಎರಡು ಗಂಟೆಯ ಬಿಡುವನ್ನೂ ಕೊಡಿರಿ. ಅವರು ಕರೆದರೆ ನೀವೂ ಕುಳಿತುಕೊಳ್ಳಿರಿ. ಆದರೆ ಸೂತ್ರಧಾರಿಣಿಯ ಸ್ಥಾನವನ್ನು ಮಗಳಿಗೇ ಬಿಡಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಬಿನ್ನಹವಿದು: ನೀವು ಬಿಟ್ಟ ಹವ್ಯಾಸವನ್ನು ಮತ್ತೆ ಹಿಡಿಯಿರಿ, ಸಾಧ್ಯವಾದವರು ಶನಿವಾರದ ಒಂದು ಗಂಟೆಯನ್ನು ನಮ್ಮ ಶಾಲೆಯ ಪುಸ್ತಕಭಂಡಾರದ ಒಂದು ಮೂಲೆಯಲ್ಲಿ ಮಕ್ಕಳೊಡನೆ ಕಳೆಯಿರಿ. ನಮ್ಮ ಶಾಲೆಯು ಬಾಲಿಕೆಯರಿಗೆ ಓದುಬರಹವನ್ನೂ ನಡತೆಯನ್ನೂ ಕಲಿಸಿದೆ. ಅದಕ್ಕಾಗಿ ನಾವೆಲ್ಲರೂ ಕೃತಜ್ಞರು. ಅದರ ಜೊತೆಗೆ, “ನೀನು ಏನು ಮಾಡುತ್ತೀಯೆ?” ಎಂದು ಲೋಕವು ಕೇಳಿದಾಗ ಸುತ್ತಮುತ್ತ ನೋಡದೆ, ತಲೆ ತಗ್ಗಿಸದೆ, ಆಲೋಚಿಸಿ ಉತ್ತರ ಕೊಡುವ ಅಭ್ಯಾಸವೂ ಅವರಿಗೆ ಉಂಟಾಗಲಿ.